ಹದಿನಾರಕ್ಕೆ ಮುರಿದ ಗುಣಾಕಾರ

ಮಾರ್ಗದರ್ಶಕರು ನನ್ನ ಪಿಎಚ್‌.ಡಿ. ಪ್ರಬಂಧವನ್ನು ಒಂದೂ ಕೆಂಪು ಗೆರೆಯಿಲ್ಲದೆ ವಾಪಸು ಕೊಟ್ಟಾಗಲೇ ನನಗೆ ಸಂಶಯ ಬಂತು. ಅಲ್ಪವಿರಾಮಕ್ಕೂ ಜಗಳ ತೆಗೆಯುವ ಮನುಷ್ಯ ಅವರು! "ಬರೋಬರ್ ಐತಿ ತಂಗಿ. ನಾ ನಿವೃತ್ತಿ ಆಗೂದ್ರಾಗ ಜಲ್ದಿ ಕೊಟ್ಟುಬಿಡು" ಎಂದರು. ಆ ಪದವಿಯಿಲ್ಲದೆ ನಾಗಪುರದ ಕಾಲೇಜಿನಲ್ಲಿ ನನ್ನ ತಾತ್ಕಾಲಿಕ ನೌಕರಿ ಕಾಯಂ ಆಗುವಂತಿರಲಿಲ್ಲ.

ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮುಗಿಸಿ ಬಂದ ಗಂಡನಿಗೆ ಇದನ್ನು ಹೇಳಿದರೆ ನಕ್ಕರು. "ಹಾಲಿನವನ ಮ್ಯಾಲೂ ಸಂಶಯ, ಗುರುಗಳ ಮ್ಯಾಲೂ ಸಂಶಯ. ನಾ ಒಬ್ಬವ ಉಳದೇನಿ ನೋಡು."

"ನೀವೂ ಉಳದಿಲ್ಲ" ಎಂದೆ.

ನಾನು ಕಟ್ಟಿದ್ದು ಫಲನಗಳನ್ನು, ಅಂದರೆ ಪ್ರತಿ ಸಂಖ್ಯೆಗೂ ಒಂದು ಬೆಲೆ ಕೊಡುವ ಫಂಕ್ಷನ್‌ಗಳನ್ನು, ಗುಣಿಸುವ ಹೊಸ ಬಗೆ. ಒಂದು ಸಂಖ್ಯೆಯನ್ನು ಎರಡು ಭಾಜಕಗಳಾಗಿ ಒಡೆದು, ಒಂದನ್ನು ಒಂದು ಫಲನಕ್ಕೆ, ಇನ್ನೊಂದನ್ನು ಮತ್ತೊಂದಕ್ಕೆ ಕೊಟ್ಟು, ಗುಣಿಸಿ ಕೂಡಿಸುತ್ತ ಹೋಗುವುದು. ಯಾವ ಭಾಜಕ ಬೇಕು, ಯಾವುದು ಬೇಡ ಎಂಬ ಆಯ್ಕೆ ನಮ್ಮದು. ಒಂದೇ ಅವಿಭಾಜ್ಯದ ಘಾತಗಳಲ್ಲಿ ನಟ್ಟನಡುವಿನದನ್ನು ನಾನು ಬಿಟ್ಟಿದ್ದೆ: ನಾಲ್ಕರಲ್ಲಿ ಎರಡು, ಹದಿನಾರರಲ್ಲಿ ನಾಲ್ಕು. ಇದು ಬೀಜಗಣಿತದವರು ರಿಂಗ್ ಎನ್ನುವ, ಕೂಡುವ ಗುಣಿಸುವ ನಿಯಮಗಳೆಲ್ಲ ಸರಿಹೋಗುವ ವ್ಯವಸ್ಥೆ ಆಗಬೇಕಾದರೆ, ಮೂರು ಫಲನಗಳನ್ನು ಗುಣಿಸುವಾಗ ಆವರಣ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ಉತ್ತರ ಒಂದೇ ಇರಬೇಕು. ನನ್ನ ಉದಾಹರಣೆಗಳೆಲ್ಲ ಆರು, ಹತ್ತು, ಮೂವತ್ತು. ಅವುಗಳಲ್ಲಿ ಯಾವ ಅವಿಭಾಜ್ಯವೂ ಎರಡು ಸಲ ಬರುವುದಿಲ್ಲ. ನನ್ನ ನಿಯಮಕ್ಕೆ ಅಲ್ಲಿ ಕೆಲಸವೇ ಇಲ್ಲ! ಮತ್ತೆ ಕೂತು ನಾಲ್ಕು, ಎಂಟು ಹಚ್ಚಿ ನೋಡಿದೆ. ಸರಿಯಿತ್ತು. ಹದಿನಾರಕ್ಕೆ ಬಂದರೆ, ಆವರಣ ಬಲಕ್ಕೆ ಹಾಕಿದಾಗ ಬರುವ ಎರಡು-ಎರಡು-ನಾಲ್ಕರ ಪದ ಎಡಕ್ಕೆ ಹಾಕಿದಾಗ ಇಲ್ಲವೇ ಇಲ್ಲ. ಮಾರ್ಗದರ್ಶಕರಿಗೆ ಇದು ಕಾಣಲಿಲ್ಲವೋ, ಕಂಡೂ ಸುಮ್ಮನಿದ್ದರೋ?

ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋದೆ.

"ಸರ್, ಒಂದು ಸಂಖ್ಯೆಗೆ ಎರಡೂ ಕಡೆ ಕೂಡವಲ್ದರಿ."

"ಹದಿನಾರರ ತನಕಾ ಯಾರ ಹಚ್ಚಿ ನೋಡ್ತಾರವಾ? ಪರೀಕ್ಷಕರು ನಮ್ಮವರ ಅದಾರ. ಚಹಾ ಕುಡಿ."

ನಾನು ಹದಿನಾರು ಎಂದಿರಲೇ ಇಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

"ನಿಮಗ ಗೊತ್ತಿತ್ತು."

ಅವರು ಕಪ್ಪು ಕೆಳಗಿಟ್ಟರು. "ನಿನ್ನ ನೌಕರಿ ಸಲುವಾಗಿ ಸುಮ್ಮನಿದ್ದೆ. ಪದವಿ ಬ್ಯಾಡೇನ ನಿನಗ?"

"ಬೇಕ್ರೀ ಸರ್. ಆದರ ಇದು ರಿಂಗ್ ಅಲ್ಲಲ್ರೀ."

ಪ್ರಬಂಧ ಎತ್ತಿಕೊಂಡು ಎದ್ದೆ. ಅವರು ತಡೆಯಲಿಲ್ಲ. ನನ್ನ ನೌಕರಿ ಇವತ್ತಿಗೂ ತಾತ್ಕಾಲಿಕವೇ.