ನಿಂಬೆಸಿಪ್ಪೆ, ಅಂಟುವಾಳ ಮತ್ತು ಚಂದಾಪುರದ ನೀರು

ಚಂದಾಪುರಕ್ಕೆ ಬಂದ ಮರುದಿನ, ತಿಕ್ಕಿ ಬೋರಲು ಹಾಕಿದ್ದ ಸ್ಟೀಲಿನ ಕೊಡ ಒಣಗಿದ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ನಾನೇ ಸರಿಯಾಗಿ ತೊಳೆದಿಲ್ಲವೆಂದು ಮತ್ತೆ ತೊಳೆದೆ. ಮತ್ತೆ ಬೆಳ್ಳಗಾಯಿತು. ತೊಳೆದದ್ದನ್ನೇ ಹೊಲಸು ಮಾಡುವ ನೀರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಬೋರ್ ನೀರು ಕಣಮ್ಮಾ, ಇಂಗೇ ಇರ್ತದೆ. ನೀನೇನೂ ತಪ್ಪು ಮಾಡಿಲ್ಲ” ಎಂದರು ಮನೆ ಮಾಲೀಕರಾದ ಜಯಮ್ಮ. ಅವರು ಇಲ್ಲಿಯೇ ಹುಟ್ಟಿ ಬೆಳೆದವರು. ಹೊಲವಿದ್ದ ಜಾಗದಲ್ಲಿ ಸಾಲಾಗಿ ಆರು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಅದರಲ್ಲಿ ಕೊನೆಯದು ನಮ್ಮದು. ನಮ್ಮ ಮನೆಯವರಿಗೆ ಬೊಮ್ಮಸಂದ್ರದ ಔಷಧಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಪಾಳಿಯ ಮೇಲೆ.

ನಾವು ಚಿತ್ತಾಪುರ ತಾಲೂಕಿನವರು. ನಮ್ಮಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವನು. ಊರಲ್ಲಿ ನೆಲಕ್ಕೂ ಕಟ್ಟೆಗೂ ಅದೇ ಕಲ್ಲು. ಅಲ್ಲಿ ಪಾತ್ರೆ ತಿಕ್ಕಲು ಒಲೆಯ ಬೂದಿ, ತಾಮ್ರಕ್ಕೆ ಹುಣಸೆಹಣ್ಣು, ಬಟ್ಟೆಗೆ ಅಂಟುವಾಳ. ಯಾವುದನ್ನೂ ಅಂಗಡಿಯಿಂದ ತಂದವರಲ್ಲ. ಇಲ್ಲಿ ಗ್ಯಾಸಿನ ಒಲೆ. ಬೂದಿ ಕಾಣಬೇಕೆಂದರೆ ವಿಭೂತಿ ಹಚ್ಚಿಕೊಂಡವರ ಹಣೆ ನೋಡಬೇಕು. ಮಾತೂ ಬೇರೆ. ನಾವು ಕಸ ಹೊಡೆಯುತ್ತೇವೆ, ಇವರು ಗುಡಿಸುತ್ತಾರೆ. ನಾವು ಭಾಂಡೆ ತಿಕ್ಕುತ್ತೇವೆ, ಇವರು ಪಾತ್ರೆ ಉಜ್ಜುತ್ತಾರೆ. ಕೆಲಸ ಮಾತ್ರ ಒಂದೇ. ಅದನ್ನೇ ನಂಬಿ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕೆ ಸೇರಿದೆ.

ಆ ಮನೆಯ ಮೇಡಂ ಕೆಟ್ಟವರಲ್ಲ. ಬಂದ ಮೊದಲ ದಿನವೇ ಚಹಾ ಕೊಟ್ಟರು, ಕೂರಲು ಕುರ್ಚಿಯನ್ನೂ ಕೊಟ್ಟರು. ಆದರೆ ಅವರ ನಲ್ಲಿಗಳಲ್ಲಿಯೂ ಅದೇ ಬೋರ್ ನೀರು, ಬಾತ್‌ರೂಮಿನ ಟೈಲ್ಸಿನ ಮೇಲೆ ಅದೇ ಬಿಳಿ ಕರೆ. ಅದನ್ನು ತೆಗೆಯಲು ಆ್ಯಸಿಡ್. ಕೊಟ್ಟ ಗ್ಲೌಸ್ ಎರಡು ದಿನಕ್ಕೆ ಹರಿಯಿತು. ತಿಂಗಳೊಳಗೆ ಬೆರಳ ಸಂದಿಗಳು ಸುಲಿದವು, ಅಂಗೈ ಒಡೆದು ರಕ್ತ ಬಂತು.

ಒಂದು ದಿನ ರೊಟ್ಟಿ ಬಡಿಯಲು ಕುಳಿತೆ. ಬಿಸಿ ಹಿಟ್ಟಿಗೆ ಕೈ ಇಟ್ಟ ಕೂಡಲೇ ಜೀವ ಹೋದಂತಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಬರೀ ಅನ್ನ. ಮನೆಯವರು ಅರ್ಧ ಊಟಕ್ಕೇ ಏಳುತ್ತಿದ್ದರು. ನಾನು ಮೋರೆ ತಿರುಗಿಸಿಕೊಂಡು ಅತ್ತೆ. ಊರು ಬಿಟ್ಟೆ, ಮಾತು ಬದಲಾಯಿಸಿಕೊಂಡೆ, ರೊಟ್ಟಿಯೂ ಹೋದರೆ ನನ್ನದು ಅನ್ನುವುದು ಏನು ಉಳಿಯಿತು?

ನನ್ನ ಕೈ ನೋಡಿ ಜಯಮ್ಮ ಬೈದರು. “ಏನಮ್ಮಾ ಇದು, ಆ ಆಸಿಡ್ಡು ಕಲ್ಲನ್ನೇ ತಿಂತದೆ, ನಿನ್ ಚರ್ಮ ಬಿಡ್ತದಾ? ಬಸ್‌ಸ್ಟಾಪಿನ ತಾವ ಜೂಸಿನ ಅಂಗಡಿಯೋನು ನಿಂಬೆಸಿಪ್ಪೆ ಬಿಸಾಕ್ತಾನೆ. ಎತ್ಕೊಂಬಾ. ಉಪ್ಪಾಕಿ ಉಜ್ಜು, ಅಂಗೇ ನೆನೆಯಕ್ಕೆ ಬಿಡು.”

ಸಿಪ್ಪೆ ಎತ್ತಿಕೊಂಡು ಬಂದೆ. ಒಡೆದ ಕೈಗೆ ನಿಂಬೆ ತಾಗಿದರೆ ಆಗುವ ಉರಿಯನ್ನು ಬೇರೆ ಹೇಳಬೇಕೇ? ಹಾಗಾಗಿ ಸಿಪ್ಪೆಯನ್ನು ನೀರಲ್ಲಿ ಕುದಿಸಿ, ಬಟ್ಟೆ ಅದ್ದಿ ನಮ್ಮ ಮನೆಯ ನಲ್ಲಿಗೆ ಸುತ್ತಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಬಿಳಿ ಕರೆ ಸಡಿಲವಾಗಿ ಬಂತು. ಊರಿಂದ ತಂದ ಅಂಟುವಾಳವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದೆ. ಸೋಪು ನೊರೆ ಬಿಡದ ಆ ನೀರಿನಲ್ಲಿ ಅಂಟುವಾಳ ನೊರೆ ಬಿಟ್ಟಿತು. ಎರಡನ್ನೂ ಕೂಡಿಸಿ ಬಾಟಲಿಗೆ ತುಂಬಿ ಮೇಡಂಗೆ ತೋರಿಸಿದೆ. ಅವರು ಮೂಸಿ ನೋಡಿ, “ಒಂದು ವಾರ ನೋಡೋಣ” ಎಂದರು. ವಾರ ಮೂರಾಯಿತು. ಕೈ ಮಾಯಿತು. ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸಪ್ಪಳ. ಅರ್ಧ ಊಟಕ್ಕೇ ಏಳುತ್ತಿದ್ದ ನಮ್ಮ ರಾಯರು ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ತಾಟು ಚಾಚಿದರು.

ಇಷ್ಟಕ್ಕೇ ನನಗೆ ಜಂಬ ಬಂದಿತ್ತು. ಮೇಡಂ ಮನೆಯ ದೇವರ ಕೋಣೆಯ ಮುಂದೆ ಹಾಲಿನಂಥ ಮಾರ್ಬಲ್. ಅದರ ಮೇಲೆ ದೀಪದ ಎಣ್ಣೆ ಚೆಲ್ಲಿತ್ತು. ಅದೇ ಬಾಟಲಿಯ ನೀರು ಸುರಿದು, ನೆನೆಯಲಿ ಎಂದು ಪಾತ್ರೆ ಉಜ್ಜಲು ಹೋದೆ. ಬಂದು ಒರೆಸಿದರೆ ಎಣ್ಣೆ ಹೋಗಿತ್ತು, ಹೊಳಪೂ ಹೋಗಿತ್ತು. ಅಂಗೈಯಗಲ ಮಂಕು.

ಮತ್ತೆ ಮತ್ತೆ ಒರೆಸಿದೆ. ಊರಲ್ಲಿ ಪಾಲಿಶ್ ಮಾಡಿದ ಫರಸಿಯ ಮೇಲೆ ಸಾರು ಚೆಲ್ಲಿದರೆ ಅಪ್ಪ ಉಣ್ಣುವುದನ್ನು ಬಿಟ್ಟು ಒರೆಸಲು ಏಳುತ್ತಿದ್ದ, ಹುಳಿ ಬಿದ್ದರೆ ಕಲ್ಲು ಕೆಡುತ್ತದೆಂದು. ಅದು ನನಗೆ ಗೊತ್ತಿದ್ದ ವಿಷಯ. ಆದರೆ ಇಷ್ಟು ದೊಡ್ಡ ಮನೆಯ ಕಲ್ಲು ನಮ್ಮೂರಿನ ಕಲ್ಲಿನ ಬಳಗವೇ ಎಂದು ಹೊಳೆದಿರಲಿಲ್ಲ. ಕೊಬ್ಬರಿ ಎಣ್ಣೆ ಸವರಿ ಮುಚ್ಚಿಬಿಡೋಣ ಎಂಬ ಯೋಚನೆಯೂ ಬಂತು. ಆಮೇಲೆ ನಾನೇ ಹೋಗಿ ಮೇಡಂ ಅವರನ್ನು ಕರೆದೆ.

“ಏನ್ ಹಾಕಿದ್ರಿ ಇಲ್ಲಿಗೆ?”

“ನಿಂಬಿಸಿಪ್ಪಿ ನೀರ್ರಿ ಮೇಡಂ. ತಪ್ಪಾತು. ಹುಳಿ ಬಿದ್ರ ನಮ್ಮೂರ ಕಲ್ಲಿಗೂ ಹಿಂಗ ಆಗ್ತದ.”

ಅವರು ಬಗ್ಗಿ ಬೆರಳಾಡಿಸಿ ನೋಡಿದರು. “ಇವೆಲ್ಲ ಬೇಡ ಮಹಾದೇವಿ. ನಾಳೆಯಿಂದ ಎಲ್ಲಾದಕ್ಕೂ ಅಂಗಡಿದೇ ಹಾಕಿ. ಅದ್ರಲ್ಲಿ ಏನಿದೆ, ಏನಾಗುತ್ತೆ ಅಂತ ಬಾಟ್ಲಿ ಮೇಲೆ ಬರ್ದಿರುತ್ತೆ.”

ಮತ್ತೆ ಆ್ಯಸಿಡ್. ನನಗೆಲ್ಲಿಂದ ಧೈರ್ಯ ಬಂತೋ, ಎರಡೂ ಅಂಗೈಗಳನ್ನು ಅವರ ಮುಂದೆ ಹಿಡಿದೆ. ಗಾಯ ಮಾಯ್ದಿದ್ದರೂ ಸೀಳಿದ ಗೆರೆಗಳು ಹಾಗೇ ಇದ್ದವು. “ಏನಾಗ್ತದ ಅಂತ ಇಲ್ಲೂ ಬರದದ್ರಿ ಮೇಡಂ” ಎಂದೆ.

ಅವರು ನನ್ನ ಅಂಗೈಯನ್ನೂ ಮಂಕಾದ ಕಲ್ಲನ್ನೂ ನೋಡಿದರು. ಕೊನೆಗೆ, “ಸರಿ, ಕಲ್ಲಿಗೆ ಬರೀ ಅಂಟುವಾಳ. ನಿಂಬೆ ನಲ್ಲಿಗೆ, ಟೈಲ್ಸಿಗೆ ಮಾತ್ರ. ನನ್ನನ್ನ ಕೇಳ್ದೆ ಹೊಸದೇನೂ ಮಾಡ್ಬೇಡಿ” ಎಂದರು. ಮಂಕಾದ ಜಾಗಕ್ಕೆ ಒಂದು ಮ್ಯಾಟ್ ಬಂತು. ನಾನು ಆಮೇಲೆ ಬಾಟಲಿಗಳನ್ನು ಬೇರೆ ಮಾಡಿದೆ, ನಿಂಬೆಯದಕ್ಕೆ ಕೆಂಪು ದಾರ ಕಟ್ಟಿದೆ.

ಯುಗಾದಿಗೆ ಊರಿಗೆ ಹೋದಾಗ ತವರಿನವರು ಹೊಸ ಜೋಳ ಬೀಸಿಸಿಕೊಂಡು ಬಂದಿದ್ದರು. ಅವ್ವ ನನ್ನ ಕೈ ಹಿಡಿದು ತಿರುವಿ ನೋಡಿ, “ಛಲೋ ಅವ. ಕೂಡು, ರೊಟ್ಟಿ ನೀನೇ ಬಡಿ” ಎಂದಳು. ಹಿಗ್ಗಿನಿಂದ ಕುಳಿತೆ. ಚಂದಾಪುರದಲ್ಲಿ ಹಾಕುವಷ್ಟೇ ಕುದಿವ ಎಸರು ಹಾಕಿ ನಾದಿ ಬಡಿದೆ. ಹಂಚಿಗೆ ಹಾಕಲು ಎತ್ತುವಾಗ ರೊಟ್ಟಿ ಹರಿಯಿತು. ಇನ್ನೊಂದೂ ಹರಿಯಿತು.

ಅವ್ವ ಹಿಟ್ಟು ನಾದುವ ಪರಾತಕ್ಕೆ ಇನ್ನೊಂದು ಹಿಡಿ ಹಿಟ್ಟು ಹಾಕಿದಳು. “ಇದು ಹೊಸ ಹಿಟ್ಟವ್ವಾ, ಇಷ್ಟ ನೀರ ಬ್ಯಾಡ. ನಿಮ್ಮೂರ ಹಿಟ್ಟಿಗೆ ಬೇಕಾಗ್ತದೇನೋ.”

ನಿಮ್ಮೂರು ಎಂದು ಅವಳು ಹೇಳಿದ್ದು ಚಂದಾಪುರವನ್ನು. ಚಂದಾಪುರದಲ್ಲಿ ಜಯಮ್ಮ ನಿಮ್ಮೂರು ಎನ್ನುವುದು ಈ ಊರನ್ನು. ನಾನು ಅವ್ವನನ್ನು ತಿದ್ದಲಿಲ್ಲ. ನೀರಿನ ಅಳತೆ ಎಷ್ಟೆಂದು ಅವಳನ್ನೇ ಕೇಳಿಕೊಂಡು ಮತ್ತೆ ನಾದತೊಡಗಿದೆ.