ಬರೆದದ್ದನ್ನು ಬಾಯಲ್ಲಿ ಹೇಳಿ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಡಿಗ್ರಿ ಓದುತ್ತಿದ್ದೆ. ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆ ಹತ್ತಿರ, ಮೆಡಿಕಲ್ ಸ್ಟೋರಿನ ಮೇಲೆ ಒಂದು ಬ್ರೌಸಿಂಗ್ ಸೆಂಟರ್. ಭಾನುವಾರ ಮಧ್ಯಾಹ್ನ ಅಲ್ಲಿ ಎಂಟು ಜನ ಎರಡು ತಂಡವಾಗಿ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆವು. ಹುಡುಗಿ ನಾನೊಬ್ಬಳೇ, ಆಡುತ್ತಿದ್ದುದು ನನ್ನ ಹೆಸರಲ್ಲೇ. ಉಳಿದವರದೆಲ್ಲ ಇಟ್ಟುಕೊಂಡ ಹೆಸರುಗಳು. ಹಲಗೆ ಹೊಡೆದ ಗೂಡುಗಳಲ್ಲಿ ಕೂತಿರುತ್ತಿದ್ದರಿಂದ ಯಾವ ಹೆಸರು ಯಾರದೆಂದು ತಿಳಿಯುತ್ತಿರಲಿಲ್ಲ.

ಎದುರಾಳಿ ಎಲ್ಲಿದ್ದಾನೆಂದು ಜೊತೆಯವರಿಗೆ ತಿಳಿಸಲು ಚಾಟ್ ಇತ್ತು; ಬೇಕಾದರೆ ಎರಡೂ ತಂಡಕ್ಕೆ ಕಾಣುವಂತೆಯೂ ಬರೆಯಬಹುದಿತ್ತು. ನಾನು ಮೂರು ವಾರ ಒಂದೇ ಸಮ ಗೆದ್ದ ಮೇಲೆ ಅದರಲ್ಲಿ ಬೈಗುಳ ಶುರುವಾಯಿತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಮೊದಲು ಹೋಗಿ ಅಡುಗೆ ಮಾಡು ಅಂತ. ಆಮೇಲೆ ನನ್ನ ಮೈ ಬಗ್ಗೆ, ಅಮ್ಮನ ಬಗ್ಗೆ.

ಸೆಂಟರಿನ ಯಜಮಾನರಿಗೆ ಹೇಳಿದೆ. ಒಳ್ಳೆಯವರೇ. ಹುಡುಗನ ಹೆಸರಿಟ್ಟುಕೊಂಡು ಆಡು, ಇಲ್ಲವೇ ಚಾಟ್ ಮುಚ್ಚಿಬಿಡು ಅಂದರು. ಎರಡೂ ಆಗಲ್ಲ ಅಂದೆ. ಕೊಳಕು ಬರೆದವನು ಅವನು, ನಾನ್ಯಾಕೆ ಮೂಕಿಯಾಗಲಿ?

ಮುಂದಿನ ಭಾನುವಾರ ಮತ್ತೆ ಬಂತು. ಆಟದ ನಡುವೆಯೇ ಎದ್ದು ನಿಂತು ಆ ಸಾಲನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. ಅಂಥ ಮಾತು ನನ್ನ ಬಾಯಿಗೆ ಬಂದದ್ದು ಅದೇ ಮೊದಲು. ಕೀಬೋರ್ಡುಗಳ ಸದ್ದು ನಿಂತಿತು.

"ಇದನ್ನ ಬರೆದವರು ಎದ್ದು ನಿಂತು ಬಾಯಲ್ಲಿ ಹೇಳಿ" ಅಂದೆ.

ಯಾರೂ ಏಳಲಿಲ್ಲ. ಯಜಮಾನರು ಒಂದೊಂದೇ ಪರದೆಯಲ್ಲಿ ಹೆಸರು ನೋಡುತ್ತ ಬಂದು ಮೂಲೆಯ ಗೂಡಿನ ಮುಂದೆ ನಿಂತರು. ಅಲ್ಲಿದ್ದವನು ಸಿದ್ಧಾರ್ಥನಗರದಿಂದ ಬರುತ್ತಿದ್ದವನು. ಹಿಂದಿನ ವಾರವಷ್ಟೇ, ನನ್ನ ಗಾಡಿ ಸ್ಟಾರ್ಟ್ ಆಗದಿದ್ದಾಗ, ಕಿಕ್ ಹೊಡೆದು ಕೊಟ್ಟು ನಕ್ಕಿದ್ದ.

"ಆಟದಲ್ಲಿ ಇದೆಲ್ಲ ಇದ್ದದ್ದೇ ಕಣ್ರೀ" ಅಂದ, ನನ್ನ ಮುಖ ನೋಡದೆ.

"ಇದ್ದದ್ದೇ ಆದ್ರೆ ಹೇಳೋಕೇನು ನಾಚಿಕೆ? ಹೇಳಿ, ಕೇಳಿಸ್ಕೋತೀನಿ."

ಅವನು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಅವನ ಜೊತೆಯ ಇಬ್ಬರು, ಇವಳಿಂದ ಆಟ ಕೆಟ್ಟಿತು ಎಂದು ಗೊಣಗುತ್ತ ಹಿಂದೆಯೇ ಹೋದರು. ಉಳಿದ ಐವರು ಇಬ್ಬರು, ಮೂವರಾಗಿ ಹಂಚಿಕೊಂಡು ಆಟ ಮುಂದುವರಿಸಿದೆವು. ಇಬ್ಬರ ತಂಡದಲ್ಲಿದ್ದ ನಾನು ಹೀನಾಯವಾಗಿ ಸೋತೆ. ಯಾರೂ ಏನೂ ಬರೆಯಲಿಲ್ಲ.

ಅವನು ಮತ್ತೆ ಬರಲಿಲ್ಲ. ಹೊಸಬರು ಬಂದರು, ಕೆಲವರು ಅದೇ ಕೊಳಕನ್ನೂ ತಂದರು. ಆಗ ಯಜಮಾನರು ಕೌಂಟರಿನಿಂದಲೇ ರೇಡಿಯೋ ಆರಿಸಿ, "ಓದಮ್ಮ, ಎಲ್ರಿಗೂ ಕೇಳ್ಲಿ" ಅನ್ನುತ್ತಿದ್ದರು. ನಾನು ಎದ್ದು ಓದುತ್ತಿದ್ದೆ.