ಹೊಲದಲ್ಲಿ ನಡೆದ ಶಿಶುವಿಹಾರ

"ಇವಮ್ಮ ಯಾವ ಭಾಷೆ ಮಾತಾಡ್ತವ್ರೆ?"

ದೊಡ್ಡಬಳ್ಳಾಪುರದ ಶಿಶುವಿಹಾರದಲ್ಲಿ ನನ್ನ ಮೊದಲ ಬೆಳಗ್ಗೆ, ನಾಲ್ಕು ವರ್ಷದ ಹುಡುಗಿಯೊಬ್ಬಳು ಪಕ್ಕದವಳನ್ನು ಹೀಗೆ ಕೇಳಿದಳು. ನಾನಾಡಿದ್ದು ಕನ್ನಡವೇ. "ಲಗೂನ ಬರ್ರಿ, ಕೈ ತೊಳಕೊಂಡು ಸಾಲಾಗಿ ಕೂಡ್ರಿ" ಎಂದಿದ್ದೆ. ಯಾರೂ ಕದಲಲಿಲ್ಲ. ಒಬ್ಬ ಹುಡುಗ ಅಳಲು ಶುರುಮಾಡಿದ. ಧಾರವಾಡದಲ್ಲಿ ಹುಟ್ಟಿ ಕನ್ನಡದಲ್ಲೇ ನಕ್ಕು, ಅತ್ತು ಬೆಳೆದ ನಾನು ಮೈಸೂರು ಸೀಮೆಗೆ ಬಂದು ಭಾಷೆ ಬಾರದವಳಂತೆ ನಿಂತಿದ್ದೆ.

ಧಾರವಾಡದ ಗೆಳತಿಯರೇ, ಈ ಕಡೆಯಿಂದ ಯಾರಾದರೂ ಅಲ್ಲಿಗೆ ಬಂದರೆ ನಾನು ಹೇಗಿದ್ದೇನೆಂದು ವಿಚಾರಿಸುತ್ತೀರಂತೆ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಯಜಮಾನರು ವಿಷಮಜ್ವರದಲ್ಲಿ ತೀರಿಕೊಂಡಾಗ ಮಗಳು ಸರೂ ಇನ್ನೂ ತೊದಲುತ್ತಿದ್ದಳು. ಅಣ್ಣನ ಮನೆ ಸೇರಿದೆ. ಅಲ್ಲಿ ನಮ್ಮನ್ನು ಯಾರೂ ನೋಯಿಸಲಿಲ್ಲ. ಆದರೆ ಸರೂ ಎರಡನೆಯ ರೊಟ್ಟಿ ಕೇಳುವ ಮುನ್ನ ಅತ್ತಿಗೆಯ ಮುಖ ನೋಡುವುದನ್ನು ಕಲಿತಳು. ಅದನ್ನು ಕಂಡ ದಿನ ನಾನು ಹೊರಡಬೇಕೆಂದು ನಿರ್ಧರಿಸಿದೆ. ಚಿಕ್ಕ ಮಕ್ಕಳಿಗೆ ಆಟದಿಂದ ಕಲಿಸುವ ವಿದ್ಯೆಯನ್ನು ಊರಿನ ಬಾಲಮಂದಿರವೊಂದರಲ್ಲಿ ಕಲಿತಿದ್ದೆ. ದೊಡ್ಡಬಳ್ಳಾಪುರದ ಮಹಿಳೆಯರ ಸಂಘಕ್ಕೆ ಅಂಥವಳೊಬ್ಬಳು ಬೇಕಾಗಿದ್ದಳು. ಸರೂಳನ್ನು ಮಡಿಲಲ್ಲಿ ಕೂರಿಸಿಕೊಂಡು, ಯಶವಂತಪುರದಲ್ಲಿ ಗಾಡಿ ಬದಲಿಸಿ ಇಲ್ಲಿಗೆ ಬಂದಿಳಿದೆ.

ಬೋಳು ಹಣೆಯವಳಿಗೆ ಮನೆ ಕೊಡುವವರಿರಲಿಲ್ಲ. ಬೆಳಗ್ಗೆ ನಾನು ಎದುರಾದರೆ ಹೆಂಗಸರು ಬೀದಿಯ ಆ ಬದಿಗೆ ಸರಿಯುತ್ತಿದ್ದರು. ಇದರಲ್ಲಿ ಮಾತ್ರ ಆ ಸೀಮೆಗೂ ಈ ಸೀಮೆಗೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ನೇಕಾರ ಚನ್ನಪ್ಪನ ಹೆಂಡತಿ ರತ್ನಮ್ಮ ತಮ್ಮ ಮಗ್ಗದ ಹಿಂದಿನ ಕೋಣೆಯ ಬಾಗಿಲು ತೆಗೆದಳು.

"ಮಗ್ಗದ ಸದ್ದಿಗೆ ನೀವೇ ಓಡೋಗ್ತೀರ ನೋಡಿ ಮೇಷ್ಟ್ರಮ್ಮ" ಎಂದು ನಕ್ಕಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು ಅಕ್ಕೋರು. ಇಲ್ಲಿ ನಾನು ಮೇಷ್ಟ್ರಮ್ಮನಾದೆ.

ಮೊದಲ ದಿನ ನನ್ನ ಭಾಷೆ ಯಾವುದೆಂದು ಕೇಳಿದ ಹುಡುಗಿ ಅವಳ ಮಗಳೇ, ಗೌರಿ. ದಿನಾ ಬೆಳಗ್ಗೆ ರತ್ನಮ್ಮ ಗೌರಿಯ ಕೈ ಹಿಡಿದು ನನ್ನ ಜೊತೆಗೇ ಬೀದಿಯ ನಡುವೆ ನಡೆದು ಬರುತ್ತಿದ್ದಳು. ಜನ ನೋಡಲಿ ಎಂದೇ ಹಾಗೆ ಮಾಡುತ್ತಿದ್ದಳೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಗೌರಿ ನನಗೂ ಗುರುವಾದಳು. ನಾನು ಕಸಬರಿಗೆ ಎಂದರೆ "ಪರಕೆ" ಎಂದು ತಿದ್ದುವಳು, ಗಂಗಾಳ ಎಂದರೆ "ತಟ್ಟೆ ಅನ್ನಿ" ಎನ್ನುವಳು. ಇಲ್ಲಿ ಜೋಳದ ರೊಟ್ಟಿಯಿಲ್ಲ, ರಾಗಿ ಮುದ್ದೆ. ಸರೂ ಅದನ್ನು ಬಾಯಲ್ಲಿಟ್ಟುಕೊಂಡು ಕಣ್ಣೀರು ಹಾಕಿದಾಗ ಗೌರಿ, "ಅಗೀಬಾರ್ದು ಕಣೆ, ನುಂಗ್ಬೇಕು, ಇಂಗೆ" ಎಂದು ತೋರಿಸಿಕೊಟ್ಟಳು. ತಿಂಗಳು ತುಂಬುವುದರೊಳಗೆ ಸರೂ ನನಗೇ "ಬತ್ತೀನಿ ಇರವ್ವ" ಎನ್ನತೊಡಗಿದಳು. ಮಕ್ಕಳು ಆಡುತ್ತ ಆಡುತ್ತ ಒಂದು ಊರನ್ನೇ ನುಂಗಿ ಅರಗಿಸಿಕೊಳ್ಳುತ್ತಾರೆ. ನನ್ನ ಗಂಟಲಲ್ಲಿ ಮಾತ್ರ ಅದು ಸಿಕ್ಕಿಕೊಂಡೇ ಇತ್ತು.

ಛತ್ರದ ಜಗಲಿಯೇ ನಮ್ಮ ಶಿಶುವಿಹಾರ. ಬಂದ ಕೂಡಲೇ ಕೈಕಾಲು ತೊಳೆಯಬೇಕು, ತನ್ನ ಚಾಪೆಯನ್ನು ತಾನೇ ಹಾಸಿಕೊಳ್ಳಬೇಕು. ಒಂದು ಬಟ್ಟಲಿನ ರಾಗಿಯನ್ನು ಕಾಳು ಚೆಲ್ಲದಂತೆ ಇನ್ನೊಂದಕ್ಕೆ ಸುರಿಯಬೇಕು. ಹುಣಸೆಬೀಜ, ಅವರೆಬೀಜಗಳನ್ನು ಬೇರೆ ಬೇರೆ ಮಾಡಬೇಕು. ತುಂಬಿದ ಚೊಂಬು ಹಿಡಿದು ಸುಣ್ಣದ ಗೆರೆಯ ಮೇಲೆ ನಡೆಯಬೇಕು. ಆಮೇಲೆ ಕಣ್ಣು ಮುಚ್ಚಿ, ಏನೇನು ಸದ್ದು ಕೇಳಿಸಿತೆಂದು ಹೇಳಬೇಕು. ಕೊನೆಗೆ ಅವರವರಿಗೆ ಇಷ್ಟವಾದ ಆಟ. ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯುವುದಿಲ್ಲ, ಸುಮ್ಮನೆ ನೋಡುತ್ತ ಕೂರುತ್ತೇನೆ.

ಊರಿಗೆ ಇದು ಹಿಡಿಸಲಿಲ್ಲ. ಸಂಘದ ಅಧ್ಯಕ್ಷೆ ಸುಬ್ಬಮ್ಮನವರು ಒಳ್ಳೆಯವರೇ. ಅವರೇ ಒಂದು ದಿನ ಕರೆದು, "ಅಕ್ಷರ ಬರೀಲಿಲ್ಲ, ಮಗ್ಗಿ ಹೇಳಲಿಲ್ಲ, ರಾಗಿ ಸುರಿಯೋದು ಮನೇಲಿ ಕಲಿಯಲ್ವೇನಮ್ಮ ಅಂತ ಜನ ನಗ್ತಾರೆ. ಯುಗಾದಿ ತನಕ ನೋಡ್ತೀವಿ, ಆಮೇಲೆ ನನ್ನ ಕೈಲಾಗಲ್ಲ" ಎಂದರು.

ಸುರಿಯುವ ಕೈಗೇ ನಾಳೆ ಬಳಪ ನಿಲ್ಲುತ್ತದೆ, ಗೆರೆಯ ಮೇಲೆ ನಡೆದ ಮಗುವಿಗೇ ಸಾಲಿನ ಮೇಲೆ ಬರೆಯುವುದು ಬರುತ್ತದೆ ಎಂದು ಹೇಳಹೋದೆ. ನನ್ನ ಮಾತಿನ ಧಾಟಿಗೆ ಅಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಇಲ್ಲಿ ಕೆಲಸ ಹೋದರೆ ಮತ್ತೆ ಅಣ್ಣನ ಮನೆ, ಮತ್ತೆ ಸರೂ ಅತ್ತಿಗೆಯ ಮುಖ ನೋಡಬೇಕು. ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಯುಗಾದಿಯವರೆಗೂ ಕಾಯಬೇಕಾಗಲಿಲ್ಲ. ಯುದ್ಧದ ಕಾಲ, ನೂಲು ಸಿಗದೆ ಮಗ್ಗಗಳು ಒಂದೊಂದಾಗಿ ನಿಂತಿದ್ದವು. ಆ ಚಳಿಗಾಲದಲ್ಲಿ ಚನ್ನಪ್ಪನ ಮಗ್ಗದ ಗುಂಡಿಯಲ್ಲೇ ಒಂದು ಇಲಿ ಸತ್ತು ಬಿದ್ದಿತು. ಮಾರನೆಯ ದಿನ ಬೀದಿಯಲ್ಲೆಲ್ಲ ಇಲಿಗಳು. ಪ್ಲೇಗು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ. ಗಾಡಿಗಳಲ್ಲಿ ಪಾತ್ರೆ, ಚಾಪೆ, ಮುದುಕರು, ಮಕ್ಕಳು. ಊರಿಗೆ ಊರೇ ದೊಡ್ಡಬೆಳವಂಗಲದ ದಾರಿಯ ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿತು. ಸುಬ್ಬಮ್ಮನವರ ಮನೆಯವರು ಬೆಂಗಳೂರಿಗೆ ಹೋದರು. ನಾನೂ ಸರೂವೂ ರತ್ನಮ್ಮನ ಜೋಪಡಿಯಲ್ಲೇ ಉಳಿದೆವು.

ಹೊಲಕ್ಕೆ ಬಂದ ಮೇಲೆ ರತ್ನಮ್ಮನಿಗೆ ಜ್ವರ ಏರಿತು. ಕಂಕುಳಲ್ಲಿ ಗೆಡ್ಡೆ ಎದ್ದಿತ್ತು. ಅವಳ ಅತ್ತೆ ಸಾಕಮ್ಮ ಗೌರಿ, ಸರೂ ಇಬ್ಬರನ್ನೂ ಪಕ್ಕದ ಜೋಪಡಿಗೆ ಸಾಗಿಸಿದಳು. ನಾನು ಬಳಿಯಲ್ಲಿದ್ದೆ. ಜ್ವರದ ನಡುವೆ ರತ್ನಮ್ಮ, "ಗೌರಿ ನಿಮ್ಮ ಗೆರೆ ಮ್ಯಾಲೆ ಚೆಲ್ದಂಗೆ ನಡೀತಾಳಾ ಮೇಷ್ಟ್ರಮ್ಮ?" ಎಂದು ಕೇಳಿದಳು. "ನಡೀತಾಳವಾ" ಎಂದೆ. ಅವಳು ಆಡಿದ ಕೊನೆಯ ಮಾತು ಅದೇ. ಮುಂಜಾನೆ ಅವಳನ್ನು ಬಟ್ಟೆಯಲ್ಲಿ ಸುತ್ತಿ, ಸಿಕ್ಕ ನಾಲ್ಕು ಜನ ಹೊತ್ತುಕೊಂಡು ಹೋದರು.

"ಅವ್ವ ಎಲ್ಲಿ?" ಎಂದು ಗೌರಿ ಕೇಳಿದಾಗ ಸಾಕಮ್ಮ, "ಶಿವಗಂಗೆಗೆ ಹೋಗವ್ಳೆ, ಹರಕೆ ಇತ್ತು. ಬತ್ತಾಳೆ" ಎಂದಳು. ಚನ್ನಪ್ಪ ತಲೆ ಎತ್ತಲಿಲ್ಲ. ನನ್ನನ್ನೂ ಸೇರಿಸಿ ಎಲ್ಲರೂ ಅದನ್ನೇ ಹೇಳಿದೆವು. ಗೌರಿ ಅಳಲಿಲ್ಲ. ಮಾತೂ ಆಡಲಿಲ್ಲ. ಮುದ್ದೆ ಎದುರಿಗಿಟ್ಟರೆ ನೋಡುತ್ತ ಕೂರುವಳು.

ಹೊಲದಲ್ಲಿ ಮಕ್ಕಳು ದಿಕ್ಕಿಲ್ಲದೆ ಅಲೆಯುತ್ತಿದ್ದರು. ದೊಡ್ಡವರಿಗೆ ಅವರ ಕಡೆ ನೋಡಲು ಜೀವವಿರಲಿಲ್ಲ. ಚೆನ್ನಾಗಿ ಮಾತು ಕಲಿತಿದ್ದ ಸರೂ ಮತ್ತೆ ತೊದಲತೊಡಗಿದಳು. ನನ್ನ ಬಳಿ ಬಟ್ಟಲಿಲ್ಲ, ಚಾಪೆಯಿಲ್ಲ, ಸುಣ್ಣವಿಲ್ಲ. ಉಳಿದದ್ದು ಕ್ರಮವೊಂದೇ. ಹೊಂಗೆ ಮರದ ಕೆಳಗೆ ಗೋಣಿತಟ್ಟು ಹಾಸಿದೆ. ಬೂದಿಯಿಂದ ಗೆರೆ ಎಳೆದೆ. ಕೈ ತೊಳೆಯುವುದು, ಕೂರುವುದು, ಮಣ್ಣು ಸುರಿಯುವುದು, ಗೆರೆಯ ಮೇಲೆ ನಡೆಯುವುದು, ಕಣ್ಣು ಮುಚ್ಚಿ ಕೇಳುವುದು, ಎಲ್ಲವೂ ಮೊದಲಿನ ಹಾಗೆಯೇ. ಒಂದಾದ ಮೇಲೆ ಮುಂದೇನು ಬರುತ್ತದೆಂದು ತಿಳಿದರೆ ಮಗುವಿಗೆ ಕಾಲೂರಲು ಒಂದಿಷ್ಟು ನೆಲ ಸಿಗುತ್ತದೆ. ಇದನ್ನು ಬಾಲಮಂದಿರದಲ್ಲಿ ಬಾಯಿಪಾಠ ಮಾಡಿದ್ದೆ. ನಿಜವೆಂದು ತಿಳಿದದ್ದು ಆ ಹೊಲದಲ್ಲಿ. ದಿನಕ್ಕಿಷ್ಟು ಮಕ್ಕಳು ಬಂದು ಕೂತರು. ಸರೂಳ ತೊದಲು ಹೋಯಿತು. ಗೌರಿ ಕೂರುತ್ತಿದ್ದಳು, ಅಷ್ಟೆ.

ಒಂದು ದಿನ ಆಟದ ಹೊತ್ತಿನಲ್ಲಿ ಅವಳು ತನ್ನ ಲಂಗದ ಗಂಟಿನಿಂದ ಒಂದು ಕಂಡಿಕೆ ತೆಗೆದಳು. ಲಾಳಿಯೊಳಗೆ ಕೂರಿಸುವ, ನೂಲು ಸುತ್ತುವ ಸಣ್ಣ ಕೊಳವೆಗೆ ಇಲ್ಲಿ ಹಾಗೆನ್ನುತ್ತಾರೆ. ಅದನ್ನು ಒಂದು ಅಗಲವಾದ ಎಲೆಯ ಮೇಲೆ ಮಲಗಿಸಿದಳು. ಅದರ ಹಣೆ ಮುಟ್ಟಿ ನೋಡಿದಳು. "ಏಳು, ಏಳವ್ವ" ಎಂದಳು. ಆಮೇಲೆ ಚಿಂದಿ ಬಟ್ಟೆ ಸುತ್ತಿ, ಮೂವರು ಮಕ್ಕಳನ್ನು ಕರೆದು, ತಾನೂ ಒಂದು ಮೂಲೆ ಹಿಡಿದು ಎಲೆಯನ್ನು ಎತ್ತಿದಳು. ಮಕ್ಕಳು ನಗಲಿಲ್ಲ. ಬೂದಿಯ ಗೆರೆಯ ಮೇಲೆ ನಿಧಾನವಾಗಿ, ತುಂಬಿದ ಚೊಂಬು ಹಿಡಿದವರಂತೆ ನಡೆದು ಹೋಗಿ ಅದನ್ನು ಮಣ್ಣು ಮಾಡಿದರು. ಮತ್ತೆ ತೆಗೆದು ಮೊದಲಿನಿಂದ ಆಡಿದರು. ಮರುದಿನವೂ ಅದೇ ಆಟ.

ತಡೆಯಬೇಕೆಂದು ಎದ್ದವಳು ಮತ್ತೆ ಕೂತೆ. ಹಾಗೆ ನೋಡುತ್ತಿದ್ದಾಗ ಗೌರಿ ನನ್ನ ಬಳಿಗೆ ಬಂದಳು.

"ಮೇಷ್ಟ್ರಮ್ಮ, ಶಿವಗಂಗೆಗೆ ಹೋಗೋರ್ನ ಬಟ್ಟೆ ಸುತ್ತಿ ಹೊತ್ಕೊಂಡು ಹೋಗ್ತಾರಾ?"

ಜೋಪಡಿಯ ಸಂದಿನಿಂದ ಅವಳು ಎಲ್ಲವನ್ನೂ ನೋಡಿದ್ದಳು. ಎಲ್ಲರೂ ತನಗೆ ಸುಳ್ಳು ಹೇಳುತ್ತಿರುವುದನ್ನೂ ಅಷ್ಟು ದಿನ ಒಬ್ಬಳೇ ಹೊತ್ತಿದ್ದಳು.

"ಇಲ್ಲ ಗೌರಿ" ಎಂದೆ. "ನಿನ್ನವ್ವ ತೀರಿಕೊಂಡಳು. ಜ್ವರ ಬಂದು ತೀರಿಕೊಂಡಳು. ಇನ್ನ ಬರೂದಿಲ್ಲ."

"ನಾನು ಕೆಟ್ಟೋಳು ಅಂತ ಹೋದ್ಲಾ?"

"ಅಲ್ಲವಾ. ನಿನ್ನ ಹೆಸರ ಹೇಳಕೋತನ ಕಣ್ಣು ಮುಚ್ಚಿದಳು."

ನೀರು ತರಲು ಬಂದಿದ್ದ ಸಾಕಮ್ಮ ಹಿಂದೆಯೇ ನಿಂತಿದ್ದಳು. ಕೊಡ ಕೆಳಗೆ ಬಿತ್ತು.

"ಅಯ್ಯೋ ಮುಂಡೆ! ಮಕ್ಳ ಕೈಲಿ ಹೆಣ ಹೊರುಸ್ತೀಯಾ? ಗಂಡನ್ನ ನುಂಗಿದ್ದು ಸಾಲ್ದೇನೆ ನಿಂಗೆ? ನೀನು ಕಾಲಿಟ್ಟ ಮ್ಯಾಲೆ ತಾನೆ ಈ ಮನೆ ಹಾಳಾಗಿದ್ದು!"

ಜೋಪಡಿಗಳಿಂದ ಜನ ಓಡಿಬಂದರು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆಟ ನನ್ನದಲ್ಲ, ಮಗುವಿನದು ಎಂದೆ. ಕೇಳುವವರಿರಲಿಲ್ಲ. ಸಾಕಮ್ಮ ನನ್ನ ಟ್ರಂಕನ್ನು ತಂದು ಹೊಲದ ಬದುವಿನ ಮೇಲೆ ಎಸೆದಳು.

ಆ ಹಗಲೆಲ್ಲ ಸರೂಳನ್ನು ಕಟ್ಟಿಕೊಂಡು ಹೊಂಗೆಯ ಕೆಳಗೆ ಕೂತಿದ್ದೆ. ಊರೊಳಗೆ ಹೋಗುವಂತಿಲ್ಲ. ಪ್ಲೇಗಿನ ಊರಿನವರನ್ನು ರೈಲು ಹತ್ತಿಸುವುದಿಲ್ಲವೆಂದು ಜನ ಹೇಳುತ್ತಿದ್ದರು. ಸೇದಲು ಕೊಡ, ಹಗ್ಗ ನನ್ನ ಬಳಿ ಇರಲಿಲ್ಲ, ಒಂದು ಜೋಪಡಿಯ ಮುಂದೆ ನಿಂತು ಮಗುವಿಗೆ ನೀರು ಕೇಳಿದೆ. ಒಳಗಿನಿಂದ ಚಾಪೆ ಅಡ್ಡ ಹಾಕಿದರು. ಮಗುವಿಗೆ ನಿಜ ಹೇಳಿದ್ದು ತಪ್ಪೇ? ಯಾವ ಬಾಲಮಂದಿರವೂ ಇದನ್ನು ನನಗೆ ಕಲಿಸಿರಲಿಲ್ಲ. ಹೊಲದ ಅಂಚಿನಲ್ಲಿ ಬಾವಿಯೊಂದಿತ್ತು. ನನ್ನ ಕಣ್ಣು ಮತ್ತೆ ಮತ್ತೆ ಆ ಕಡೆಗೇ ಹೋಗುತ್ತಿತ್ತು. ಸರೂ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಆ ಭಾರವೊಂದೇ ನನ್ನನ್ನು ಕೂತಲ್ಲೇ ಕೂರಿಸಿತ್ತು.

ಹೊತ್ತು ಇಳಿಯುವಾಗ ಚನ್ನಪ್ಪ ಬಂದ. ಹೆಂಡತಿ ಸತ್ತ ಮೇಲೆ ಅವನು ನನ್ನೊಡನೆ ಮಾತಾಡಿರಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ.

"ಗೌರಿ ಅತ್ಲು ಮೇಷ್ಟ್ರಮ್ಮ" ಎಂದ. "ಮಧ್ಯಾಹ್ನದಿಂದ ಅತ್ಲು. ಅವ್ವ ಸತ್ತೋದ್ಲು ಅಂತ ನಂಗೇ ಹೇಳಿ ಅತ್ಲು. ನಾನೂ ಅತ್ತೆ. ಅಲ್ಲೀತಂಕ ನಂಗೂ ಅಳೋಕೆ ಆಗಿರ್ಲಿಲ್ಲ. ಆಮ್ಯಾಕೆ ಮುದ್ದೆ ತಿಂದ್ಲು, ಒಂದ್ ಪೂರ್ತಿ."

ಟ್ರಂಕು ಎತ್ತಿ ಹೆಗಲಿಗಿಟ್ಟುಕೊಂಡ. "ನಮ್ಮವ್ವಂಗೆ ದುಕ್ಕ ತೀರಿಸ್ಕೊಳ್ಳೋಕೆ ಬೈಯೋದ್ ಬಿಟ್ರೆ ಬೇರೆ ದಾರಿ ಗೊತ್ತಿಲ್ಲ. ಬನ್ನಿ" ಎಂದ.

ಸಾಕಮ್ಮ ಬಾಗಿಲಲ್ಲಿ ಮುಖ ತಿರುಗಿಸಿ ಕೂತಿದ್ದಳು. ತಡೆಯಲಿಲ್ಲ, ಒಳಗೆ ಬಾ ಎಂದು ಕರೆಯಲೂ ಇಲ್ಲ.

ಬೇಸಿಗೆಯ ಹೊತ್ತಿಗೆ ಜನ ಊರಿಗೆ ಮರಳಿದರು. ಸಂಘ ಶಿಶುವಿಹಾರವನ್ನು ಮುಚ್ಚಿತು. ಹೊಲದಲ್ಲಿ ನಡೆದದ್ದು ಎಲ್ಲರ ಬಾಯಲ್ಲೂ ಇತ್ತು. ನಾನೇ ಮಕ್ಕಳಿಗೆ ಹೆಣದ ಆಟ ಕಲಿಸಿದೆನೆಂದು ಈಗಲೂ ನಂಬುವವರಿದ್ದಾರೆ. ಚನ್ನಪ್ಪನ ನಿಂತ ಮಗ್ಗದ ಪಕ್ಕದಲ್ಲಿ ಗೌರಿ, ಸರೂ, ಇನ್ನು ನಾಲ್ಕಾರು ಮಕ್ಕಳು ಬಂದು ಕೂರುತ್ತಾರೆ. ಅವರ ಮನೆಯವರು ರಾಗಿಯನ್ನೋ ಕಾಳನ್ನೋ ಕಳಿಸುತ್ತಾರೆ. ಕೆಲವು ದಿನ ಅದೂ ಇರುವುದಿಲ್ಲ. ಬೀದಿಯಲ್ಲಿ ಬೆಳಗ್ಗೆ ಜನ ಈಗಲೂ ಆ ಬದಿಗೆ ಸರಿಯುತ್ತಾರೆ, ನನ್ನ ಜೊತೆ ನಡುಬೀದಿಯಲ್ಲಿ ನಡೆಯುವವಳು ಇಲ್ಲ.

ಸುದ್ದಿ ತಿಳಿದು ಅಣ್ಣ ನಮ್ಮನ್ನು ಕರೆದೊಯ್ಯಲು ಬಂದ. "ಸಾಕಿನ್ನ, ನಡಿ. ಯಾರ ಮಕ್ಕಳ ಸಲುವಾಗಿ ಇಲ್ಲಿ ಸಾಯಾಕತ್ತೀ?" ಎಂದ. ಎಷ್ಟೋ ದಿನಗಳ ಮೇಲೆ ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಹೊರಡುತ್ತೇನೆ ಎಂದೆ. ಟ್ರಂಕಿಗೆ ಬಟ್ಟೆ ತುಂಬಿದೆ.

ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಆದರೂ ಬೆಳಗ್ಗೆ ಆಟದ ಹೊತ್ತಿಗೆ ಅವರು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾದರು. ಸರೂ ಎಂಜಿನ್ನು. ಗೌರಿ ಟಿಕೀಟು ಕೊಡುವವಳು.

"ಮೇಷ್ಟ್ರಮ್ಮ, ಯಾವೂರಿಗೆ ಕೊಡ್ಲಿ?" ಎಂದು ಅವಳು ಕೈ ಚಾಚಿ ನಿಂತಳು.

ಅಣ್ಣ ಬಾಗಿಲಲ್ಲಿ ನಗುತ್ತ ನೋಡುತ್ತಿದ್ದ. ಧಾರವಾಡ ಎಂದರೆ ಅವಳು ನನ್ನನ್ನು ಕಳಿಸಿಕೊಡುತ್ತಾಳೆ, ಆಟದಲ್ಲಿ ಕಳಿಸಿ, ಮನಸ್ಸಿನಲ್ಲೂ ಕಳಿಸಿಬಿಡುತ್ತಾಳೆ. ಕಂಡಿಕೆಯ ಆಟದಲ್ಲಿ ಅವ್ವನನ್ನು ಕಳಿಸಿಕೊಟ್ಟ ಅವಳಿಗೆ ಅದು ಸಾಧ್ಯ. ದೊಡ್ಡಬಳ್ಳಾಪುರ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಧಾರವಾಡ ಎನ್ನಲೂ ಹೊರಳಲಿಲ್ಲ.

"ಬೇಗ ಹೇಳಿ, ಗಾಡಿ ಬಿಟ್ಬುಡುತ್ತೆ" ಎಂದಳು ಗೌರಿ.

ಸರೂ ಕೂಗು ಹಾಕಿದಳು. ರೈಲು ಮಗ್ಗವನ್ನು ಸುತ್ತಿ ಬೀದಿಗೆ ಹೊರಟಿತು. ನಾನು ಕೊನೆಯ ಮಗುವಿನ ಅಂಗಿ ಹಿಡಿದು ಹಿಂದೆ ನಡೆದೆ. ಸಂಜೆಯ ಗಾಡಿಗೆ ಅಣ್ಣ ಒಬ್ಬನೇ ಹೋದ. ತುಂಬಿದ ಟ್ರಂಕಿನಿಂದ ಬಟ್ಟೆಗಳನ್ನು ನಾನಿನ್ನೂ ಹೊರಗೆ ತೆಗೆದಿಲ್ಲ.